ಜಪಾನ್ ತನ್ನ ಶಾಂತಿನೀತಿಯನ್ನು ಕೈಬಿಟ್ಟಿದೆಯೇ?

ಪ್ರಶ್ನೆ: ಯುದ್ಧವನ್ನೇ ತ್ಯಜಿಸಿದ ಸಂವಿಧಾನವುಳ್ಳ ಜಪಾನ್ ಈಗ ಫಿಲಿಪ್ಪೀನ್ಸ್ ಸೇನೆಗೆ ಕರಾವಳಿ ರಾಡಾರ್‌ಗಳನ್ನು ಒದಗಿಸುತ್ತಿದೆ, ಆ ದೇಶದೊಡನೆ ಸೇನಾ ಒಪ್ಪಂದಕ್ಕೂ ಸಹಿ ಹಾಕಿದೆ. ಹಳೆಯ ನೀತಿ ಮುಗಿಯಿತೆಂದು ತಿಳಿಯಬೇಕೆ?

ಉತ್ತರ: ಮುಗಿದಿಲ್ಲ, ಆದರೆ ಅದರ ಅರ್ಥವನ್ನು ಜಪಾನಿನ ಸರ್ಕಾರಗಳು ಹಂತಹಂತವಾಗಿ ಹಿಗ್ಗಿಸುತ್ತ ಬಂದಿವೆ ಎಂಬುದು ನನ್ನ ಅಭಿಪ್ರಾಯ.

1947ರಲ್ಲಿ ಜಾರಿಗೆ ಬಂದ ಸಂವಿಧಾನದ, ಯುದ್ಧವನ್ನು ತ್ಯಜಿಸುವ 9ನೇ ವಿಧಿ, 1951ರಲ್ಲಿ ಪ್ರಧಾನಿ ಶಿಗೆರು ಯೊಶಿದಾ ಅಮೆರಿಕದೊಡನೆ ಮಾಡಿಕೊಂಡ ಭದ್ರತಾ ಒಪ್ಪಂದ, ಇವೆರಡೂ ಯುದ್ಧಾನಂತರದ ನೀತಿಗೆ ಆಧಾರವಾದವು. ರಕ್ಷಣೆಗೆ ಅಮೆರಿಕವನ್ನು ನೆಚ್ಚಿಕೊಂಡು ಆರ್ಥಿಕತೆಯನ್ನು ಕಟ್ಟಿಕೊಳ್ಳುವುದು, ನೆರೆಯವರೊಡನೆ ವ್ಯಾಪಾರಕ್ಕಷ್ಟೇ ನಿಲ್ಲುವುದು ಅಂದಿನ ವಿವೇಕವಾಗಿತ್ತು.

ಆ ವಿವೇಕದ ಮಿತಿ 1974ರ ಜನವರಿಯಲ್ಲಿ ಬಯಲಾಯಿತು. ಪ್ರಧಾನಿ ಕಾಕುಯೆಯಿ ತನಾಕಾ ಇಂಡೋನೇಷ್ಯಾದ ರಾಜಧಾನಿ ಜಕಾರ್ತಕ್ಕೆ ಹೋದಾಗ ಜಪಾನಿನ ಆರ್ಥಿಕ ಪ್ರಾಬಲ್ಯದ ವಿರುದ್ಧದ ಆಕ್ರೋಶ ದೊಡ್ಡ ಗಲಭೆಗೇ ತಿರುಗಿತು. ಮೂರು ವರ್ಷಗಳ ಬಳಿಕ, 1977ರಲ್ಲಿ, ಪ್ರಧಾನಿ ತಾಕೆಯೊ ಫುಕುಡಾ ಫಿಲಿಪ್ಪೀನ್ಸ್‌ನ ರಾಜಧಾನಿ ಮನಿಲಾದಲ್ಲಿ ನಿಂತು, ಜಪಾನ್ ಮತ್ತೆಂದೂ ಸೇನಾಶಕ್ತಿಯಾಗದು, ಆಗ್ನೇಯ ಏಷ್ಯಾದ ಕೂಟವಾದ ಆಸಿಯಾನ್‌ನ ದೇಶಗಳೊಡನೆ ಮನಬಿಚ್ಚಿದ ವಿಶ್ವಾಸ ಬೆಳೆಸುವುದು, ಸಮಾನ ಪಾಲುದಾರನಾಗಿ ನಡೆದುಕೊಳ್ಳುವುದು ಎಂದು ಮಾತುಕೊಟ್ಟರು. ಯುದ್ಧದ ಕೊನೆಯ ವರ್ಷದಲ್ಲಿ ಜಪಾನೀ ಸೈನಿಕರ ಕ್ರೌರ್ಯವನ್ನು ಕಂಡಿದ್ದ ನಗರವದು ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಭದ್ರತೆಗೆ ಮೊದಲು ವಿಶ್ವಾಸ ಬೇಕೆಂಬ ಈ ವಿಚಾರವೇ ಮುಂದಿನ ಎಲ್ಲದಕ್ಕೂ ಬೇರು ಎಂದು ನಾನು ನಂಬುತ್ತೇನೆ. ಆಸಿಯಾನ್ ಸಭೆಗಳಲ್ಲೇ ಭದ್ರತೆಯ ಚರ್ಚೆಯೂ ನಡೆಯಲೆಂದು 1991ರಲ್ಲಿ ವಿದೇಶಾಂಗ ಸಚಿವ ತಾರೊ ನಾಕಾಯಾಮಾ ಸೂಚಿಸಿದ್ದು, ಜಪಾನಿನ ಮುತುವರ್ಜಿಯಿಂದ ರೂಪುಗೊಂಡ ಕಡಲ್ಗಳ್ಳತನ ತಡೆ ಒಪ್ಪಂದದ ಮಾಹಿತಿ ಕೇಂದ್ರ 2006ರಲ್ಲಿ ಸಿಂಗಪುರದಲ್ಲಿ ಆರಂಭವಾದದ್ದು ಇದೇ ದಾರಿಯ ಹೆಜ್ಜೆಗಳು.

ಚೀನಾದ ನೌಕಾಬಲ ಬೆಳೆದಂತೆ ದೃಷ್ಟಿ ಸಮುದ್ರದತ್ತ ಹೊರಳಿತು. 2007ರಲ್ಲಿ ಪ್ರಧಾನಿ ಶಿಂಜೊ ಅಬೆ ಭಾರತದ ಸಂಸತ್ತಿನಲ್ಲಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಸಂಗಮದ ಕುರಿತು ಮಾತನಾಡಿದರು. ಆ ಚಿಂತನೆಯೇ 2016ರಲ್ಲಿ ಕೆನ್ಯಾದ ನೈರೋಬಿಯಲ್ಲಿ, ಈ ಎರಡು ಸಾಗರಗಳ ವಲಯ ಎಲ್ಲರಿಗೂ ಮುಕ್ತವಾಗಿರಬೇಕೆನ್ನುವ ಮುಕ್ತ ಇಂಡೋ–ಪೆಸಿಫಿಕ್ ನೀತಿಯಾಗಿ ಪ್ರಕಟವಾಯಿತು. 2014ರ ಸಂಪುಟ ನಿರ್ಣಯವು ಸೀಮಿತ ಸಾಮೂಹಿಕ ಆತ್ಮರಕ್ಷಣೆಗೆ, ಅಂದರೆ ದಾಳಿಗೊಳಗಾದ ಮಿತ್ರದೇಶದ ನೆರವಿಗೆ ಕೆಲವು ಸಂದರ್ಭಗಳಲ್ಲಿ ಬಲ ಬಳಸಲು, ಅವಕಾಶ ನೀಡಿತು. ರಕ್ಷಣಾ ವೆಚ್ಚವನ್ನು 2027ರ ವೇಳೆಗೆ ಜಿಡಿಪಿಯ ಶೇ 2ಕ್ಕೆ ಏರಿಸುವ ತೀರ್ಮಾನ 2022ರದು. ನೀವು ಹೇಳಿದ ರಾಡಾರ್‌ಗಳು ಸ್ನೇಹದೇಶಗಳ ಸೇನೆಗಳಿಗೆ ಉಪಕರಣ ಒದಗಿಸಲು 2023ರಲ್ಲಿ ಆರಂಭವಾದ ಅಧಿಕೃತ ಭದ್ರತಾ ನೆರವಿನ ಯೋಜನೆಗೆ ಸೇರಿದವು.

ನೀವು ಹೇಳಿದ ಸೇನಾ ಒಪ್ಪಂದಕ್ಕೆ, ಅಂದರೆ ಒಂದು ದೇಶದ ಸೈನಿಕರು ಇನ್ನೊಂದರ ನೆಲಕ್ಕೆ ಹೋಗಲು ಅನುವು ಮಾಡುವ ಪರಸ್ಪರ ಸೇನಾ ಪ್ರವೇಶದ ಒಪ್ಪಂದಕ್ಕೆ, 2024ರ ಜುಲೈನಲ್ಲಿ ಸಹಿ ಬಿದ್ದದ್ದೂ ಮನಿಲಾದಲ್ಲೇ. ದಶಕಗಳ ವಿಶ್ವಾಸವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ದಕ್ಷಿಣ ಕೊರಿಯಾದೊಡನೆ ಮಾತ್ರ, ಜಪಾನ್ ಅದನ್ನು ಆಳಿದ ವಸಾಹತು ಕಾಲದ ಗಾಯಗಳು ಇನ್ನೂ ಮಾಯದ ಕಾರಣ, ಎರಡೂ ದೇಶಗಳು ಅಮೆರಿಕದ ಮಿತ್ರರಾಗಿದ್ದರೂ, ಅಂತಹ ಒಪ್ಪಂದ ಇಂದಿಗೂ ಕಷ್ಟಸಾಧ್ಯವಾಗಿಯೇ ಉಳಿದಿದೆ.