ಸ್ಕಿಲ್ಡ್ ಗ್ರೇಡಿಂದ ಕೆಳಗಿಳಿಸಿದ್ದಾರೆ, ಲೆಟರ್‌ಗೆ ಸಹಿ ಹಾಕ್ಬೇಕಾ?

ಪ್ರಶ್ನೆ: ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟ್ರಿಲಿ 9 ವರ್ಷದಿಂದ ಸಿಎನ್‌ಸಿ ಆಪರೇಟರ್, ಭದ್ರಾವತಿಯಿಂದ ಓಡಾಡ್ತೀನಿ. ಆರ್ಡರ್ ಕಮ್ಮಿ ಅಂತ ಹೇಳಿ ಸ್ಕಿಲ್ಡ್‌ನಿಂದ ಸೆಮಿ ಸ್ಕಿಲ್ಡ್‌ಗೆ ಹಾಕಿದ್ದಾರೆ, ಬೇಸಿಕ್ ಡಿಎ ಸೇರಿ 18,200 ಬರ್ತಿದ್ದದ್ದು 15,600 ಆಯ್ತು, ಮಷಿನ್ ಮಾತ್ರ ಅದೇ. ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ 'ಗ್ರೇಡ್ ಬದಲಿಸೋ ಹಕ್ಕು ಮ್ಯಾನೇಜ್‌ಮೆಂಟಿಗಿದೆ' ಅಂತಿದೆ, ಆವತ್ತು ಸಹಿ ಮಾಡಿದೀನಿ. ಈಗ ಎಂತ ಮಾಡೋದು?

ಉತ್ತರ: ಆವತ್ತು ಸಹಿ ಮಾಡಿದ್ರಿ ಅಂತ ಎದೆಗುಂದಬೇಡಿ, ಆ ಒಂದು ಸಾಲು ಕಾನೂನಿಗಿಂತ ದೊಡ್ಡದಲ್ಲ. ಗ್ರೇಡ್ ವರ್ಗೀಕರಣ ಬದಲಿಸೋಕೆ 21 ದಿನ ಮುಂಚೆ ನೋಟಿಸ್ ಕೊಡ್ಬೇಕು, 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂನಲ್ಲಿ ಇದ್ದದ್ದೇ ಇದು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 40ನೇ ಕಲಂ ಆಗಿ ಮುಂದುವರಿದಿದೆ. ಸಂಬಳ ಇಳಿಸೋದೂ ಅದೇ ಪಟ್ಟಿಲಿದೆ. ಆದ್ರೆ ಯೂನಿಯನ್ ಜೊತೆ ಸೆಟಲ್‌ಮೆಂಟ್ ಆಗಿ ಅದರ ಪ್ರಕಾರ ಬದಲಾಯಿಸಿದ್ರೆ ನೋಟಿಸ್ ಬೇಕಿಲ್ಲ, ಹಾಗಾಗಿ ಮೊದಲು ಯೂನಿಯನ್‌ನೋರನ್ನ ಕೇಳಿ, ಎಲ್ಲಾದ್ರೂ ಸಹಿ ಹಾಕಿದ್ದಾರಾ ಅಂತ.

ನಿಮ್ಮ ಪ್ರಮೋಶನ್ ಲೆಟರ್ ಇದ್ರೆ ಅದನ್ನೂ ತೆಗೆದು ಓದಿ. 'ತಾತ್ಕಾಲಿಕ' ಅಥವಾ 'ಪ್ರೊಬೇಷನ್ ಮೇಲೆ' ಅಂತಿದ್ದು ಕನ್ಫರ್ಮೇಶನ್ ಬಂದೇ ಇಲ್ಲ ಅಂದ್ರೆ ಹಳೇ ಹುದ್ದೆಗೆ ವಾಪಸ್ ಕಳಿಸಿದ್ದು ಡಿಮೋಶನ್ನೇ ಅಲ್ಲ ಅಂತ ಅವರು ವಾದ ಮಾಡ್ತಾರೆ, ಆ ವಾದಕ್ಕೆ ಬಲವೂ ಇದೆ. ಇನ್ನು ಶಿಕ್ಷೆ ಅಂತ ಇಳಿಸಿದ್ರೆ ಅದು ಬೇರೆ ದಾರಿ, ಚಾರ್ಜ್‌ಶೀಟ್, ವಿಚಾರಣೆ ಎಲ್ಲ ಆಗ್ಬೇಕು. ನಿಮ್ಮದು ಅದಲ್ಲ.

ನಿಮ್ಮ ಕೈಲಿರೋ ದೊಡ್ಡ ಸಾಕ್ಷಿ ಅದೇ ಮಷಿನ್. ಕನಿಷ್ಠ ವೇತನ ಲೆಕ್ಕ ಹಾಕೋದು ಮಾಡೋ ಕೆಲಸ ನೋಡಿ, ಲೆಟರ್‌ನಲ್ಲಿ ಬರೆದಿರೋ ಗ್ರೇಡ್ ನೋಡಿ ಅಲ್ಲ, ಸ್ಕಿಲ್ಡ್ ಕೆಲಸ ಮಾಡಿಸ್ಕೊಂಡು ಸ್ಕಿಲ್ಡ್ ಕನಿಷ್ಠ ದರಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ. ದಿನದ ಪ್ರೊಡಕ್ಷನ್ ಶೀಟಲ್ಲಿ ಮಷಿನ್ ನಂಬರ್ ಎದುರಿಗೆ ನಿಮ್ಮ ಹೆಸರು, ಪೀಸ್ ಲೆಕ್ಕ ಇರುತ್ತಲ್ಲ, ಡಿಮೋಶನ್ ಆದ್ಮೇಲಿನ ಶೀಟುಗಳ ಕಾಪಿ ಹೇಗಾದ್ರೂ ಇಟ್ಕೊಳ್ಳಿ.

ಲೆಟರ್ ಕೊಟ್ಟಾಗ 'ಪ್ರತಿ ತಲುಪಿದೆ, ನನ್ನ ಒಪ್ಪಿಗೆ ಇಲ್ಲ' ಅಂತ ಬರೆದು, ತಾರೀಕು ಹಾಕಿ ಸಹಿ ಮಾಡಿ. ಈಗಾಗ್ಲೇ ಬರೀ ಸಹಿ ಮಾಡಿಬಿಟ್ಟಿದ್ರೆ ಇವತ್ತೇ ಸ್ಪೀಡ್ ಪೋಸ್ಟಲ್ಲಿ ಆಕ್ಷೇಪಣೆ ಕಳಿಸಿ. ದಯವಿಟ್ಟು ಸಿಟ್ಟಲ್ಲಿ ರಾಜೀನಾಮೆ ಕೊಡೋದು, ಕೆಲಸಕ್ಕೆ ಹೋಗದೆ ಮನೇಲಿ ಕೂರೋದು ಮಾಡ್ಬೇಡಿ, ಮಾಡಿದ್ರೆ ನೀವೇ ಕೆಲಸ ಬಿಟ್ರಿ ಅಂತ ಕೇಸನ್ನೇ ತಿರುಗಿಸ್ತಾರೆ.

ಸುಮ್ನೆ ಒಪ್ಕೊಂಡ್ರೆ ತಿಂಗಳಿಗೆ 2,600 ಅಷ್ಟೇ ಹೋಗೋದು ಅನ್ಕೋಬೇಡಿ. ಕೆಲಸ ಬಿಡುವಾಗ ಒಟ್ಟಿಗೆ ಕೈಗೆ ಬರೋ ಗ್ರಾಚುಟಿ ಲೆಕ್ಕ ಕೊನೇ ಸಂಬಳದ ಮೇಲೆ, ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿ ಆಮೇಲೆ ವರ್ಷದಿಂದ ಗುಣಿಸೋದು. 18,200ಕ್ಕೆ 9 ವರ್ಷಕ್ಕೆ 94,500 ಆಗ್ತಿತ್ತು, 15,600ಕ್ಕೆ 81,000. ಹಿಂದೆ ದುಡಿದ ವರ್ಷಗಳದ್ದೂ ಕಮ್ಮಿಯಾಗುತ್ತೆ.

ಒಂದು ಎಚ್ಚರಿಕೆ, ಒಬ್ಬರೇ ಹೋಗ್ಬೇಡಿ. ಕೆಲಸದಿಂದ ತೆಗೆದ್ರೆ ಒಬ್ಬ ಕಾರ್ಮಿಕನೇ ವಿವಾದ ಎತ್ತಬಹುದು, ಡಿಮೋಶನ್‌ಗೆ ಆ ಸವಲತ್ತಿಲ್ಲ, ಯೂನಿಯನ್ನೋ ಜೊತೆ ಕೆಲಸದೋರೋ ನಿಮ್ಮ ಪರ ನಿಲ್ಲಬೇಕು. 20 ಅಥವಾ ಅದಕ್ಕಿಂತ ಜಾಸ್ತಿ ಜನ ಕಾರ್ಮಿಕರು ಇರೋ ಕಡೆ ಕುಂದುಕೊರತೆ ಸಮಿತಿ ಇರ್ಲೇಬೇಕು, ಅದಕ್ಕೆ ಒಂದು ವರ್ಷದೊಳಗೆ ಅರ್ಜಿ ಕೊಡಿ, 30 ದಿನದಲ್ಲಿ ಇತ್ಯರ್ಥ ಆಗದಿದ್ರೆ ಅಥವಾ ತೀರ್ಮಾನ ಸರಿ ಕಾಣದಿದ್ರೆ 60 ದಿನದೊಳಗೆ ಯೂನಿಯನ್ ಮೂಲಕ ಶಿವಮೊಗ್ಗದ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿ ಹತ್ರ ಹೋಗಬಹುದು.