ಸಣ್ಣ ಮಣಿಕಟ್ಟಿಗೆ ಯಾವ ತರಹದ ಬ್ರೇಸ್ಲೆಟ್ ಒಪ್ಪುತ್ತದೆ? ಅಳತೆ ನೋಡುವುದು ಹೇಗೆ?

ನಿಮ್ಮ ಮಣಿಕಟ್ಟಿನ ಸುತ್ತಳತೆ 15 ಸೆಂಟಿಮೀಟರ್. ತಗೊಂಡ ಮೂರು ಬ್ರೇಸ್ಲೆಟ್‌ಗಳಲ್ಲಿ ಎರಡು ಚೈನುಗಳು ಅಂಗೈವರೆಗೂ ಜಾರುತ್ತವೆ. ದಪ್ಪ ಮಣಿಯದ್ದು ಮಾತ್ರ ಚರ್ಮದ ಮೇಲೆ ಗುರುತು ಬೀಳುವಷ್ಟು ಬಿಗಿ. ಮೂರರ ಚೀಟಿಯಲ್ಲೂ ಬರೆದಿರುವುದು 18 ಸೆಂಟಿಮೀಟರ್. ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ, ದಿನಾ ಹಾಕಿಕೊಳ್ಳುವಂಥದ್ದು ಬೇಕು. ಇಷ್ಟು ತಾನೇ ನೀವು ಕೇಳಿದ್ದು?

ಚೀಟಿಯಲ್ಲಿ ಸುಳ್ಳು ಬರೆದಿರಲಿಕ್ಕಿಲ್ಲ. ಮೂರೂ 18 ಸೆಂಟಿಮೀಟರೇ ಇರಬಹುದು. ಆದರೂ ಕೈಮೇಲೆ ಮೂರೂ ಬೇರೆ ಬೇರೆ ಥರ ಕೂರುತ್ತವೆ. ನಾನು ಕೆಲವು ವರ್ಷಗಳಿಂದ ಮನೆಯಲ್ಲೇ ಮಣಿ ಪೋಣಿಸಿ ಬ್ರೇಸ್ಲೆಟ್ ಮಾಡಿಕೊಡುತ್ತೇನೆ. ಶುರುವಿನಲ್ಲಿ ಎಷ್ಟೋ ವಾಪಸ್ ಬಂದವು. ಬಣ್ಣ ಹಿಡಿಸದೆ ಬಂದದ್ದು ಕಡಿಮೆ, ಅಳತೆ ಸರಿಹೋಗದೆ ಬಂದದ್ದೇ ಜಾಸ್ತಿ. ಹಾಗಾಗಿ ಮೊದಲು ಅಳತೆ, ಆಮೇಲೆ ಚೆಂದ.

ಅಳೆಯಲು ದಾರಕ್ಕಿಂತ ಪೇಪರ್ ಪಟ್ಟಿ ಒಳ್ಳೆಯದು. ದಾರ ಹಿಗ್ಗುತ್ತದೆ, ಚರ್ಮದೊಳಗೆ ಒತ್ತಿಕೊಳ್ಳುತ್ತದೆ. ಒಂದು ಬೆರಳಗಲದ ಪಟ್ಟಿ ಸಾಕು. ಕಿರುಬೆರಳಿನ ಕಡೆ ಮಣಿಕಟ್ಟಿನಲ್ಲಿ ಗುಂಡಗೆ ಒಂದು ಮೂಳೆ ಎದ್ದು ಕಾಣುತ್ತದಲ್ಲ, ಅದರ ಮೇಲೆ ಹಾದುಹೋಗುವ ಹಾಗೆ ಸುತ್ತಿ. ಬ್ರೇಸ್ಲೆಟ್ ದಿನವೆಲ್ಲಾ ಆ ಮೂಳೆಯನ್ನು ದಾಟಿ ಆಚೆ ಈಚೆ ಓಡಾಡುತ್ತಲೇ ಇರುತ್ತದೆ, ಅದಕ್ಕೇ ಅಲ್ಲಿ. ಯಾವ ಕೈಗೆ ಹಾಕುತ್ತೀರೋ ಅದೇ ಕೈ ಅಳೆಯಿರಿ, ಜಾಸ್ತಿ ಕೆಲಸ ಮಾಡುವ ಕೈ ಸ್ವಲ್ಪ ದಪ್ಪ ಇರುವುದುಂಟು. ಬಿಸಿಲಿಗೆ, ಓಡಾಟಕ್ಕೆ ಕೈ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಅಳೆಯುವುದಕ್ಕಿಂತ ಸಂಜೆ ಅಳೆಯುವುದು ಒಳ್ಳೆಯದು. ನೀವು ಯಾವ ಹೊತ್ತಿನಲ್ಲಿ ಅಳೆದಿರೋ ಗೊತ್ತಿಲ್ಲ, ಇನ್ನೊಂದು ಸಲ ನೋಡಿಬಿಡಿ.

ಬಂದ ಅಳತೆಗೆ ಸ್ವಲ್ಪ ಸಡಿಲ ಸೇರಿಸಬೇಕು. ಮೈಗಂಟಿದ ಹಾಗೆ ಬೇಕಿದ್ದರೆ 1 ಸೆಂಟಿಮೀಟರ್. ಆರಾಮಾಗಿ ಬೇಕಿದ್ದರೆ ಒಂದೂವರೆ. ಇಳಿಬಿದ್ದು ಆಡುತ್ತಿರಬೇಕು ಅಂದರೆ ಎರಡೂವರೆ. ನಿಮ್ಮ ಚೈನುಗಳಲ್ಲಿ ಸಡಿಲವೇ 3 ಸೆಂಟಿಮೀಟರ್ ಆಯಿತು, ಜಾರದೆ ಇನ್ನೇನು? ಸುಮ್ನೆ ಹೀಗೆ ಪರೀಕ್ಷೆ ಮಾಡಿ: ಬ್ರೇಸ್ಲೆಟ್ ಹಾಕಿ ತೋಳು ಇಳಿಬಿಡಿ. ಹೆಬ್ಬೆರಳಿನ ಬುಡಕ್ಕೆ ಬಂದು ನಿಂತರೆ ಸರಿ. ಅದನ್ನೂ ದಾಟಿ ಗೆಣ್ಣಿನ ಕಡೆಗೆ ಹೊರಟರೆ ದೊಡ್ಡದು. ಒಳಗೆ ಒಂದು ಬೆರಳು ಸಲೀಸಾಗಿ ತೂರಬೇಕು, ಅದೂ ಆಗದಿದ್ದರೆ ಚಿಕ್ಕದು.

ಇನ್ನು ಮಣಿಯ ವಿಷಯ. ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ಮಣಿಸರವನ್ನು ನೆಟ್ಟಗೆ ಮಲಗಿಸಿ ಅಳೆದರೆ ಸಿಗುವುದು ಮಣಿಗಳ ನಡುವೆ ಹೋಗುವ ದಾರದ ಉದ್ದ. ಕೈಗೆ ತಾಗುವುದು ದಾರ ಅಲ್ಲ, ಮಣಿಯ ಒಳಮೈ. ಮಣಿ ದಪ್ಪ ಆದಷ್ಟೂ ಒಳಗಿನ ಜಾಗ ಕಿರಿದಾಗುತ್ತದೆ. ಲೆಕ್ಕ ಸುಲಭ, ಮಣಿಯ ದಪ್ಪವನ್ನು 3.14 ರಿಂದ ಗುಣಿಸಿ ಉದ್ದದಿಂದ ಕಳೆಯಿರಿ. 10 ಮಿಲಿಮೀಟರ್ ಮಣಿಯ 18 ಸೆಂಟಿಮೀಟರ್ ಸರಕ್ಕೆ ಒಳಸುತ್ತು ಬರೀ 14.9 ಸೆಂಟಿಮೀಟರ್. ನಿಮ್ಮ ಕೈ 15! ಅದೇ 18 ರಲ್ಲಿ 4 ಮಿಲಿಮೀಟರ್ ಮಣಿ ಪೋಣಿಸಿದರೆ ಒಳಸುತ್ತು 16.7 ಉಳಿಯುತ್ತದೆ, ಆರಾಮಾಗಿ ಕೂರುತ್ತದೆ. ಕೆಲವರು ಚೀಟಿಯಲ್ಲಿ ಒಳಸುತ್ತನ್ನೇ ಬರೆಯುತ್ತಾರೆ, ಕೆಲವರು ಪೂರ್ತಿ ಉದ್ದ ಬರೆಯುತ್ತಾರೆ. ಯಾವುದು ಅಂತ ಕೇಳಿಯೇ ತಗೊಳ್ಳಿ.

ಕಡಗದ ಲೆಕ್ಕವೇ ಬೇರೆ. ಕೊಕ್ಕೆ ಇಲ್ಲದ, ಬಾಯಿ ಮುಚ್ಚಿದ ಕಡಗಕ್ಕೆ ಮಣಿಕಟ್ಟು ಅಳೆದು ಪ್ರಯೋಜನವಿಲ್ಲ, ಅದು ಅಂಗೈ ದಾಟಿ ಬರಬೇಕಲ್ಲ. ಹೆಬ್ಬೆರಳನ್ನು ಕಿರುಬೆರಳಿನ ಕಡೆಗೆ ಮಡಚಿಕೊಂಡು, ಗೆಣ್ಣುಗಳ ಹತ್ತಿರ ಅತಿ ಅಗಲ ಇರುವಲ್ಲಿ ಸುತ್ತಿ ಅಳೆಯಿರಿ. 19 ಸೆಂಟಿಮೀಟರ್ ಬಂತು ಅನ್ನಿ, 3.14 ರಿಂದ ಭಾಗಿಸಿದರೆ ಒಳವ್ಯಾಸ ಸುಮಾರು 60 ಮಿಲಿಮೀಟರ್. ಬಾಯಿ ತೆರೆದ ಕಡಗವನ್ನು ಮಣಿಕಟ್ಟಿನ ಪಕ್ಕದಿಂದ, ತೆಳ್ಳಗಿರುವ ಕಡೆಯಿಂದ ತೂರಿಸಿ ಆಮೇಲೆ ತಿರುಗಿಸಿಕೊಳ್ಳಬೇಕು. ದಿನಾ ಹಿಗ್ಗಿಸಿ ಕುಗ್ಗಿಸಿ ಮಾಡಿದರೆ ಲೋಹ ದಣಿದು ಒಂದು ದಿನ ನಡುವೆಯೇ ಮುರಿಯುತ್ತದೆ.

ಕೊಕ್ಕೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಕ್ಕ ಕೊಟ್ಟ ಒಂದು ಬೆಳ್ಳಿ ಬ್ರೇಸ್ಲೆಟ್ ನನ್ನ ಹತ್ತಿರ ಇತ್ತು. ಅದಕ್ಕಿದ್ದದ್ದು ಟಾಗಲ್ ಕೊಕ್ಕೆ, ಅಂದರೆ ಒಂದು ಬಳೆಯೊಳಗೆ ಪುಟ್ಟ ಕಡ್ಡಿ ತೂರಿಸಿ ಅಡ್ಡ ನಿಲ್ಲಿಸುವಂಥದ್ದು. ನೋಡಲು ಬಹಳ ಚೆಂದ. ಆದರೆ ಆ ಕಡ್ಡಿ ಅಡ್ಡ ನಿಲ್ಲುವುದು ಸರ ಸ್ವಲ್ಪ ಬಿಗಿಯಾಗಿ ಎಳೆದುಕೊಂಡಿದ್ದರೆ ಮಾತ್ರ. ನನ್ನದು ಕೈಗೆ ದೊಡ್ಡದಾಗಿತ್ತು. ಸಡಿಲವಾದಾಗ ಕಡ್ಡಿ ಓರೆಯಾಗಿ ತಾನಾಗೇ ಹೊರಗೆ ಜಾರುತ್ತದೆ. ಒಂದು ಸಂಜೆ ಸ್ವೆಟರ್ ತೆಗೆದು ನೋಡಿದರೆ ಕೈ ಖಾಲಿ. ಎಲ್ಲಿ ಬಿತ್ತು, ಯಾವಾಗ ಬಿತ್ತು, ಗೊತ್ತೇ ಆಗಲಿಲ್ಲ. ಈಗಲೂ ನೆನಪಾದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಹಾಗಾಗಿ ಟಾಗಲ್ ಬೇಕಿದ್ದರೆ ಅಳತೆ ಕರಾರುವಾಕ್ಕಾಗಿರಲಿ, 1 ಸೆಂಟಿಮೀಟರ್‌ಗಿಂತ ಜಾಸ್ತಿ ಸಡಿಲ ಬೇಡ.

ದಿನಾ ಹಾಕಲು ನನ್ನ ಆಯ್ಕೆ ಸ್ಪ್ರಿಂಗ್ ಇರುವ ಲಾಬ್‌ಸ್ಟರ್ ಕೊಕ್ಕೆ, ಜೊತೆಗೆ ಎರಡು ಮೂರು ಸೆಂಟಿಮೀಟರ್ ಹೆಚ್ಚುವರಿ ಕೊಂಡಿ. ಒಂದೇ ಕೈಯಲ್ಲಿ ಹಾಕಿಕೊಳ್ಳುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಅದಕ್ಕೊಂದು ಉಪಾಯ ಇದೆ. ಪೇಪರ್ ಕ್ಲಿಪ್ ಒಂದನ್ನು ಬಿಡಿಸಿ ಕೊಕ್ಕೆ ಥರ ಬಗ್ಗಿಸಿ. ಒಂದು ತುದಿಯನ್ನು ಬ್ರೇಸ್ಲೆಟ್‌ನ ಕೊನೇ ಕೊಂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅದೇ ಕೈಯ ಬೆರಳುಗಳಲ್ಲಿ ಹಿಡಿದುಕೊಳ್ಳಿ. ಆ ತುದಿ ಅಲ್ಲಾಡದೆ ನಿಲ್ಲುತ್ತದೆ, ಇನ್ನೊಂದು ಕೈಯಿಂದ ಕೊಕ್ಕೆ ಹಾಕುವುದು ಸುಲಭ. ಅಯಸ್ಕಾಂತದ ಕೊಕ್ಕೆ ಇನ್ನೂ ಸಲೀಸು, ಆದರೆ ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಅದು ಬೇಡವೇ ಬೇಡ.

ಈಗ ನಿಮ್ಮ ಕೈಗೆ ಯಾವುದು ಒಪ್ಪುತ್ತದೆ ಅನ್ನುವುದು. ಸಣ್ಣ ಕೈಗೆ ಸಣ್ಣ ಎಳೆಯೇ ಆಗಬೇಕು ಅಂತ ಹೇಳುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಣ್ಣ ಕೈಯಲ್ಲೂ 4 ರಿಂದ 6 ಮಿಲಿಮೀಟರ್ ಅಗಲದ್ದು ಲಕ್ಷಣವಾಗಿ ಕಾಣುತ್ತದೆ. ಒಪ್ಪದೇ ಇರುವುದು ಸಡಿಲವಾದ ಭಾರ. ದೊಡ್ಡ ಪೆಂಡೆಂಟ್ ನೇತಾಡುವ ಚೈನು ಸಡಿಲ ಇದ್ದರೆ ಪೆಂಡೆಂಟ್ ಯಾವಾಗಲೂ ಕೆಳಗೆ ತಿರುಗಿಕೊಳ್ಳುತ್ತದೆ, ಮೇಲೆ ಕಾಣುವುದು ಬರೀ ಕೊಕ್ಕೆ. ಓಲೆ, ಸರ ಎಲ್ಲಾ ನಾವು ಹಾಕಿಕೊಂಡರೂ ನೋಡುವವರು ಬೇರೆಯವರು. ಬ್ರೇಸ್ಲೆಟ್ ಹಾಗಲ್ಲ, ದಿನವಿಡೀ ನಮ್ಮ ಕಣ್ಣೆದುರೇ ಇರುತ್ತದೆ. ನಿಮಗೆ ನೋಡಲು ಖುಷಿ ಆಗಬೇಕು, ಕೆಲಸದ ಮಧ್ಯೆ ಕಿರಿಕಿರಿ ಆಗಬಾರದು. ಟೈಪ್ ಮಾಡುವಾಗ ಮಣಿಕಟ್ಟಿನ ಒಳಭಾಗ ಮೇಜಿಗೆ ತಾಗುತ್ತದೆ ಅಲ್ವಾ? ದಪ್ಪ ಮಣಿ, ಗಂಟು ಗಂಟಾದ ಚೈನು ಅಲ್ಲಿ ಒತ್ತುತ್ತವೆ. ಚಪ್ಪಟೆ ಕೊಂಡಿಗಳ ತೆಳು ಚೈನು, ಇಲ್ಲವೇ ಎಳೆದು ಬಿಗಿ ಮಾಡಿಕೊಳ್ಳುವ ಗಂಟಿನ ಹೆಣೆದ ದಾರದ ಬ್ರೇಸ್ಲೆಟ್ ನಿಮಗೆ ಸರಿ. ಮೌಸ್ ಹಿಡಿಯದ ಕೈಗೆ ಹಾಕಿ. ಆ ಕೈಯಲ್ಲಿ ವಾಚ್ ಇದ್ದರೆ ಅದರ ಜೊತೆ ಕಲ್ಲಿನ ಮಣಿ ಬೇಡ. ಅಮೆಥಿಸ್ಟ್‌ನಂಥ ಸ್ಫಟಿಕ ಜಾತಿಯ ಕಲ್ಲುಗಳು ಮೋಸ್ ಗಡಸುತನದ ಅಳತೆಯಲ್ಲಿ 7 ಇರುತ್ತವೆ, ಮಾಮೂಲಿ ಗಾಜಿನ ಮೇಲೆ ಗೀರು ಹಾಕುತ್ತವೆ. ಮುತ್ತು ಇದಕ್ಕೆ ತದ್ವಿರುದ್ಧ, ಬಹಳ ಮೆದು. ಮೇಜಿಗೆ ಉಜ್ಜಿ ಉಜ್ಜಿ ಹೊಳಪು ಹೋಗುತ್ತದೆ, ಬೆವರು, ಸೆಂಟು ಯಾವುದನ್ನೂ ತಡೆಯುವುದಿಲ್ಲ. ದಿನಾ ಹಾಕಲು ಅದನ್ನು ನಾನು ಹೇಳುವುದಿಲ್ಲ.

ಲೋಹದ ಬಗ್ಗೆ ಎರಡೇ ಮಾತು. ಹಾಕಿಕೊಂಡಲ್ಲಿ ತುರಿಕೆ, ಕೆಂಪು ಬಂದರೆ ನಿಕಲ್ ಕಾರಣ ಇರಬಹುದು. ಆಗ ಟೈಟಾನಿಯಂ ನೋಡಿ, ಇಲ್ಲವೇ 925 ಮುದ್ರೆಯ ಬೆಳ್ಳಿ, ಅದರಲ್ಲಿ ಬೆಳ್ಳಿಯ ಜೊತೆ ಸಾಮಾನ್ಯವಾಗಿ ಸೇರಿಸುವುದು ತಾಮ್ರ. ಹಿತ್ತಾಳೆ, ತಾಮ್ರದಿಂದ ಚರ್ಮ ಹಸಿರಾದರೆ ಹೆದರಬೇಡಿ, ತೊಳೆದರೆ ಹೋಗುತ್ತದೆ. ಚಿನ್ನದ ಗಿಲೀಟು ಮೊದಲು ಸವೆಯುವುದು ಮೇಜಿಗೆ ಉಜ್ಜುವ ಕಡೆಯಲ್ಲೇ, ನಿಮ್ಮ ಕೆಲಸಕ್ಕೆ ಅದು ತಾಳಿಕೆ ಬರುವುದಿಲ್ಲ.

ಇಷ್ಟೆಲ್ಲಾ ಓದಿ ಹೊಸದು ತಗೊಳ್ಳಲು ಹೊರಡಬೇಡಿ, ನಿಮ್ಮ ಹತ್ತಿರ ಇರುವ ಮೂರೂ ಸರಿ ಮಾಡಬಹುದು. ಚೈನುಗಳಲ್ಲಿ ಒಂದೂವರೆ ಸೆಂಟಿಮೀಟರ್‌ನಷ್ಟು ಕೊಂಡಿ ತೆಗೆಸಿ, ಒಡವೆ ರಿಪೇರಿ ಮಾಡುವವರಿಗೆ ಇದು ಚಿಕ್ಕ ಕೆಲಸ. ಕೊಂಡಿಗಳು ದೊಡ್ಡವಿದ್ದರೆ ಅದೂ ಬೇಡ, ಕೊಕ್ಕೆಯನ್ನು ಒಳಗಿನ ಕೊಂಡಿಯೊಂದಕ್ಕೆ ಸಿಕ್ಕಿಸಿ ಬಾಲ ಇಳಿಬಿಡಿ. ಮಣಿಯದ್ದಕ್ಕೆ ಬೇಕಾಗಿರುವುದು ಒಂದೇ ಒಂದು ಮಣಿ. ಅದೇ 10 ಮಿಲಿಮೀಟರಿನದು ಇನ್ನೊಂದು ಸೇರಿಸಿದರೆ ಒಳಸುತ್ತು 15.9 ಆಗುತ್ತದೆ. ಹೊಸ ಎಲಾಸ್ಟಿಕ್ ದಾರ ಹಾಕಿ ಪೋಣಿಸಿ. ಹಾಕುವಾಗ ಅಗಲಕ್ಕೆ ಎಳೆಯಬೇಡಿ, ಬೆರಳುಗಳ ಮೇಲಿಂದ ಉರುಳಿಸಿಕೊಂಡು ಬನ್ನಿ. ಮಣಿಗಳ ಮಧ್ಯೆ ದಾರ ಕಾಣಲು ಶುರುವಾದರೆ ದಾರ ಸೋತಿದೆ ಅಂತ ಅರ್ಥ. ಹಳೇ ದಾರ ಕತ್ತರಿಸುವ ಮೊದಲು ಕೆಳಗೆ ಒಂದು ದಪ್ಪ ಟವೆಲ್ ಹಾಸಿಕೊಳ್ಳಿ, ಮಣಿಗಳು ಉರುಳಿ ಹೋಗುವುದಿಲ್ಲ.