ಟ್ರೆಕಿಯಾಸ್ಟಮಿ ಮಾಡಿದ ಮೇಲೆ ಐಸಿಯುನಲ್ಲಿ ಇನ್ಫೆಕ್ಷನ್ ಜಾಸ್ತಿ ಆಗುತ್ತಾ?

ನಿಮ್ಮ ತಂದೆ 12 ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ, ಈಗ ಕುತ್ತಿಗೆಗೆ ತೂತು ಮಾಡಿ ಟ್ಯೂಬ್ ಹಾಕ್ತೀವಿ ಅಂತಿದ್ದಾರೆ, ಆ ತೂತಿನಿಂದಲೇ ಸೋಂಕು ಒಳಗೆ ಹೋಗಲ್ವಾ ಅಂತ ಕೇಳಿದ್ದೀರಿ. ನಾನು ಐಸಿಯುನಲ್ಲಿ ನರ್ಸ್. ಬಾಗಿಲ ಹೊರಗೆ ಕಾಯುವ ಮನೆಯವರು ನಮ್ಮನ್ನು ನಿಲ್ಲಿಸಿ ಕೇಳುವುದೂ ಇದನ್ನೇ.

ಸೋಂಕು ಆಗಬಹುದು, ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ನೀವು ಹೆದರುವುದು ಕುತ್ತಿಗೆಯ ಗಾಯಕ್ಕೆ, ನಾವು ಹೆದರುವುದು ಶ್ವಾಸಕೋಶಕ್ಕೆ. ಗಾಯ ಕೆಂಪಾದರೆ, ಕೀವು ಬಂದರೆ ಕಣ್ಣಿಗೆ ಕಾಣುತ್ತದೆ, ಡ್ರೆಸ್ಸಿಂಗ್ ಬದಲಿಸುವಾಗಲೇ ಗೊತ್ತಾಗುತ್ತದೆ. ಈಗ ಹೆಚ್ಚಾಗಿ ಹಾಸಿಗೆ ಪಕ್ಕದಲ್ಲೇ ಸೂಜಿ, ತಂತಿ ಹಾಕಿ ತೂತನ್ನು ಹಿಗ್ಗಿಸಿ ಮಾಡುತ್ತಾರೆ, ಅದರಲ್ಲಿ ಗಾಯದ ಸೋಂಕು ಇನ್ನೂ ಕಡಿಮೆ.

ಶ್ವಾಸಕೋಶದ ಕಥೆ ಬೇರೆ. ಮೂಗು ಸುಮ್ನೆ ಇಲ್ಲ ನೋಡಿ, ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ, ಸೋಸಿ ಕಳಿಸುತ್ತದೆ. ಟ್ಯೂಬ್ ಇದ್ದರೆ ಆ ದಾರಿಯೇ ತಪ್ಪಿತು. ಕಫ ಗಟ್ಟಿಯಾಗುತ್ತದೆ, ಕೆಮ್ಮಿ ಹೊರಹಾಕಲು ಆಗಲ್ಲ. ಟ್ಯೂಬಿನ ತುದಿಯ ಹತ್ತಿರ ಕಫ್ ಅಂತ ಪುಟ್ಟ ಬಲೂನ್ ಇರುತ್ತದೆ (ಕಫ ಬೇರೆ, ಕಫ್ ಬೇರೆ, ಮನೆಯವರು ಎರಡನ್ನೂ ಕಲಸಿಕೊಳ್ಳುತ್ತಾರೆ). ಬಾಯಿಯ ಜೊಲ್ಲು ಅದರ ಮೇಲೆ ನಿಂತು ಸಣ್ಣಗೆ ಕೆಳಗೆ ಜಿನುಗುತ್ತದೆ. ನ್ಯುಮೋನಿಯಾ ಶುರುವಾಗುವುದು ಹೆಚ್ಚಾಗಿ ಹಾಗೇ. ಅದಕ್ಕೇ ಆ ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇದೆಯಾ ಅಂತ ಅಳೆಯುತ್ತಿರುತ್ತೇವೆ. ಕಡಿಮೆಯಾದರೆ ಸೋರುತ್ತದೆ, ಜಾಸ್ತಿಯಾದರೆ ಶ್ವಾಸನಾಳದ ಗೋಡೆಗೆ ಪೆಟ್ಟು.

ಆದರೆ ಇದೆಲ್ಲ ಬಾಯಲ್ಲಿ ಟ್ಯೂಬ್ ಇದ್ದಾಗಲೂ ಇತ್ತು, ಅಲ್ವಾ? ಕುತ್ತಿಗೆಗೆ ಹಾಕಿದ್ದರಿಂದ ಹೊಸದಾಗಿ ಬಂದಿದ್ದಲ್ಲ. ಬಾಯಿ ಖಾಲಿಯಾದರೆ ಹಲ್ಲು, ನಾಲಿಗೆ ಸ್ವಚ್ಛ ಮಾಡುವುದು ಸುಲಭ, ನಿದ್ದೆಯ ಔಷಧಿಯೂ ಕಡಿಮೆ ಸಾಕು. ಹಾಗಂತ ಅವಸರ ಮಾಡಿದರೆ ಲಾಭ ಅಂತಲೂ ಇಲ್ಲ. ಬ್ರಿಟನ್ನಿನಲ್ಲಿ ಸುಮಾರು 900 ರೋಗಿಗಳ ಮೇಲೆ ನಡೆದ ಟ್ರ್ಯಾಕ್‌ಮ್ಯಾನ್ ಅಧ್ಯಯನ (2013) 4 ದಿನದೊಳಗೆ ಮಾಡುವುದನ್ನೂ 10 ದಿನ ಕಾದು ಮಾಡುವುದನ್ನೂ ಹೋಲಿಸಿತ್ತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ತೂತೇ ಬೇಕಾಗಲಿಲ್ಲ. ನಿಮ್ಮ ತಂದೆಯವರ ವಿಷಯದಲ್ಲಿ ಕಾದು ನೋಡಿಯೇ ಹೇಳುತ್ತಿದ್ದಾರೆ.

ಇನ್ನೊಂದು ವಿಷಯ. ಸ್ವಲ್ಪ ದಿನದಲ್ಲಿ ಕಫದ ಕಲ್ಚರ್ ರಿಪೋರ್ಟ್ (ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆ) ಬರುತ್ತದೆ. ಕ್ಲೆಬ್ಸಿಯೆಲ್ಲಾ, ಸ್ಯೂಡೋಮೊನಾಸ್, ಅಸಿನೆಟೋಬ್ಯಾಕ್ಟರ್ ಅಂತ ಏನಾದರೂ ಬರೆದಿರುತ್ತದೆ, ಯಾರೋ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ, ಎಲ್ಲರಿಗೂ ಗಾಬರಿ. ಟ್ಯೂಬ್ ಇದ್ದವರಲ್ಲಿ ಬ್ಯಾಕ್ಟೀರಿಯಾ ಬಂದು ಮನೆ ಮಾಡಿಕೊಂಡಿರುವುದು ಮಾಮೂಲು. ಅದೊಂದೇ ಸೋಂಕಲ್ಲ. ಜ್ವರ ಇದೆಯಾ, ಕಫ ಹಳದಿ ಹಸಿರಾಗಿ ಜಾಸ್ತಿಯಾಯಿತಾ, ಆಕ್ಸಿಜನ್ ಹೆಚ್ಚು ಬೇಕಾಗುತ್ತಿದೆಯಾ, ಎಕ್ಸ್‌ರೇಯಲ್ಲಿ ಹೊಸ ಕಲೆ ಬಂತಾ, ಇವೆಲ್ಲ ಸೇರಿಸಿ ನೋಡುತ್ತಾರೆ. ರಿಪೋರ್ಟ್ ಬಂದರೂ ಆಂಟಿಬಯಾಟಿಕ್ ಯಾಕೆ ಕೊಡಲಿಲ್ಲ ಅಂತ ಜಗಳಕ್ಕೆ ನಿಲ್ಲಬೇಡಿ, ಯಾಕೆ ಅಂತ ಕೇಳಿ, ಅಷ್ಟೇ.

ನೀವು ಮಾಡಬಹುದಾದದ್ದೂ ಇದೆ. ಒಳಗೆ ಬರುವಾಗ, ಹೋಗುವಾಗ ಹ್ಯಾಂಡ್‌ರಬ್ ಹಾಕಿಕೊಳ್ಳಿ. ನಮ್ಮವರು ಯಾರಾದರೂ ಮರೆತರೂ ಹೇಳಿ, ಬೇಜಾರು ಮಾಡಿಕೊಳ್ಳಲ್ಲ. ತಲೆಯ ಕಡೆ ಹಾಸಿಗೆ ಎತ್ತರವಾಗಿರಬೇಕು, 30 ಡಿಗ್ರಿ ಆದರೂ. ಬಾಯಿ ಕ್ಲೀನ್ ಮಾಡಿದ್ದಾರಾ ಅಂತ ಕೇಳಬಹುದು. ಗೊರಗೊರ ಸದ್ದು ಬಂದರೆ ಕರೆಯಿರಿ, ಸಕ್ಷನ್ ಮಾಡುತ್ತೇವೆ, ಅಂದರೆ ಸಣ್ಣ ನಳಿಕೆಯಿಂದ ಕಫ ಎಳೆದು ತೆಗೆಯುತ್ತೇವೆ, ಪ್ರತಿ ಸಲ 10-15 ಸೆಕೆಂಡ್. ಅವರು ಕೆಮ್ಮಿ ಮುಖ ಕೆಂಪಗೆ ಮಾಡುವುದನ್ನು ನೋಡೋಕ್ಕಾಗಲ್ಲ, ಆಚೆ ನಿಂತುಕೊಳ್ಳಿ.

ಮತ್ತೆ ದಯವಿಟ್ಟು ತೀರ್ಥ ಬಾಯಿಗೆ ಬಿಡಬೇಡಿ. ಒಮ್ಮೆ ಒಬ್ಬ ಅಜ್ಜಿ ಸೆರಗಿನಲ್ಲಿ ಪುಟ್ಟ ಬಾಟಲಿ ಮುಚ್ಚಿ ತಂದು, ನಾನು ತಿರುಗುವಷ್ಟರಲ್ಲಿ ಒಂದು ಚಮಚ ಬಿಟ್ಟೇಬಿಟ್ಟಿದ್ದರು. ವಿಭೂತಿ ಹಣೆಗೆ ಹಚ್ಚಿ, ಟ್ಯೂಬಿನ ಹತ್ತಿರ ಪುಡಿ ಉದುರದಂತೆ.

ಮೊದಲ ಒಂದು ವಾರ ತೂತಿನ ದಾರಿ ಇನ್ನೂ ಗಟ್ಟಿಯಾಗಿರಲ್ಲ, ಆಗ ಟ್ಯೂಬ್ ಕಿತ್ತು ಬಂದರೆ ಅದು ಸೋಂಕಿಗಿಂತ ದೊಡ್ಡ ಅಪಾಯ. ಅವರ ಕೈಗೆ ಮೆತ್ತನೆ ಗ್ಲೌಸ್ ಕಟ್ಟಿರುವುದನ್ನು ನೋಡಿದರೆ ಪಾಪ ಅಂತ ಬಿಚ್ಚಬೇಡಿ, ನಮ್ಮನ್ನು ಕರೆಯಿರಿ.